ಈರಯ್ಯನ ಬಹುಮತ

ಆ ಶುಕ್ರವಾರದ ರಗಳೆಗೆಲ್ಲ ಮೂಲ ಡೆರಿಕ್‌ನ ಮನೆಗೆ ಬಂದ ಹೊಸ ಸ್ಪೀಕರು.

ಕೊಲ್ಲಿ ದೇಶದ ಬಿನ್ ಮಹಮೂದ್ ಬಡಾವಣೆಯ ಹಳೆಯ ಕಟ್ಟಡವೊಂದರಲ್ಲಿ ಡೆರಿಕ್‌ನದು ನಡುವಿನ ಅಂತಸ್ತು. ಅಲ್ಲಿ ಶುಕ್ರವಾರವೇ ವಾರದ ರಜೆ; ಬೆಳಗಿನ ಪೂಜೆ ಮುಗಿಸಿ ಇಗರ್ಜಿಯಿಂದ ಬರುವಾಗ ಅವನು ತನ್ನ ಮ್ಯಾನೇಜರರನ್ನೂ ಅವರ ಹೆಂಡತಿಯನ್ನೂ ತಿಂಡಿಗೆ ಕರೆದುಕೊಂಡು ಬಂದಿದ್ದ. ಟ್ರೀಸಾ ಗಂಡನ ಬಡ್ತಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ನೀರುದೋಸೆ ಹೊಯ್ದಿದ್ದಳು, ಕೋಳಿ ಸುಕ್ಕ ಮಾಡಿದ್ದಳು. ತಿನ್ನುವಾಗ ಒಂದು ಹಳೆಯ ಕೊಂಕಣಿ ಹಾಡಿರಲಿ ಎಂದು ಡೆರಿಕ್ ಫೋನನ್ನು ಸ್ಪೀಕರಿಗೆ ಜೋಡಿಸಿ ಬೆರಳು ಒತ್ತಿದ. ಹಾಡಿನ ಬದಲು ವಾಟ್ಸಾಪಿಗೆ ಆಗಷ್ಟೇ ಬಂದು ಬಿದ್ದಿದ್ದ, ಕೆಳಗಿನ ಮನೆಯ ಈರಯ್ಯನ ದನಿ ಬಂತು. ಹಳ್ಳದ ಆಚೆ ದಂಡೆಯಲ್ಲಿ ಮೇಯುವ ಎತ್ತನ್ನು ಈಚೆ ದಂಡೆಯಿಂದ ಕರೆದು ರೂಢಿಯಾದ ದನಿ ಅದು.

"ಪುಕ್ಕಟೆ ಹಾಕಿದ್ರ ಉಣ್ಣೂ ಮಂದಿಗೆ ನಾಚಿಕಿ ಇರಬೇಕು. ದುಡೀಲಾರದ ತಾಟಿಗೆ ಕೈ ಹಾಕಬಾರದು."

ಮ್ಯಾನೇಜರರು ಇನ್ನೊಂದು ದೋಸೆಗೆ ಚಾಚಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು. ಡೆರಿಕ್ ಗಾಬರಿಯಲ್ಲಿ ಎಲ್ಲೆಲ್ಲೋ ಒತ್ತಿದ. ದನಿ ನಿಲ್ಲುವ ಬದಲು ಏರಿತು. ಮೂರು ಸಲ ಬೀಸಿ ಚೆಂಡು ತಾಗದವನನ್ನು ಬೇಸ್‌ಬಾಲಿನಲ್ಲಿ ಮುಲಾಜಿಲ್ಲದೆ ಹೊರಗೆ ಕಳಿಸುತ್ತಾರೆ, ನಾವು ಮಾತ್ರ ಅಂಥವರನ್ನು ಕೂರಿಸಿ ಬಡಿಸುತ್ತೇವೆ ಎಂದು ಈರಯ್ಯ ಗೋಡೆ ಅದುರುವಂತೆ ಹೇಳುವ ಹೊತ್ತಿಗೆ ಮ್ಯಾನೇಜರರ ಹೆಂಡತಿ ಕೈಚೀಲ ಎತ್ತಿಕೊಂಡಿದ್ದರು. ಚಹಾ ಕುಡಿಯಲೂ ಅವರು ನಿಲ್ಲಲಿಲ್ಲ.

ಈ ದನಿ ಅಲ್ಲಿನ ಕನ್ನಡಿಗರಿಗೆ ಹೊಸದೇನಲ್ಲ. 'ಬಿನ್ ಮಹಮೂದ್ ಕನ್ನಡ ಕೂಟ' ಎಂಬ ವಾಟ್ಸಾಪ್ ಗ್ರೂಪನ್ನು ಡೆರಿಕ್ ಕಟ್ಟಿದ್ದು ಯುಗಾದಿಯ ಊಟ, ಖಾಲಿ ಫ್ಲಾಟು, ಊರಿಗೆ ಹೋಗುವವರ ಲಗೇಜಿನಲ್ಲಿ ಎರಡು ಕಿಲೋ ಜಾಗ ಇಂಥ ಸಂಗತಿಗಳಿಗೆ. ಅದರೊಳಗೆ ಈರಯ್ಯ ಪ್ರತಿ ಶುಕ್ರವಾರ ಬೆಳಿಗ್ಗೆ ರಾಜ್ಯ ರಾಜಕೀಯದ ಮೇಲೆ ಒಂದು ಭಾಷಣ ರೆಕಾರ್ಡು ಮಾಡಿ ಬಿಡುತ್ತಿದ್ದ. ಹುನಗುಂದದ ಕಡೆಯವನು, ಎರೆಹೊಲದ ಮಣ್ಣಿನ ಹಾಗೆ ಹಿಡಿದದ್ದನ್ನು ಬಿಡುವವನಲ್ಲ. ಸರ್ಕಾರವೆಂದರೆ ಮನೆಯ ಹಿರಿಯನಿದ್ದಂತೆ, ಮಕ್ಕಳಿಗೆ ದುಡಿಯುವುದನ್ನು ಕಲಿಸಬೇಕೇ ಹೊರತು ಪೆಪ್ಪರಮಿಂಟು ಕೊಟ್ಟು ಅಳು ನಿಲ್ಲಿಸಬಾರದು ಎಂಬುದು ಅವನ ಖಚಿತ ನಂಬಿಕೆ. ಪುಕ್ಕಟೆ ಕೊಡುವವರು, ಪಕ್ಷ ಬಿಟ್ಟು ಪಕ್ಷಕ್ಕೆ ಹಾರುವವರು, ಶಾಸಕರನ್ನು ಕುರಿಯಂತೆ ಅಟ್ಟಿಕೊಂಡು ಹೋಗಿ ರೆಸಾರ್ಟಿನಲ್ಲಿ ಕೂಡಿಹಾಕುವವರು, ಬೀಗರಿಗೆಲ್ಲ ನಿಗಮ ಮಂಡಳಿ ಹಂಚುವವರು, ಇವರಲ್ಲಿ ಯಾರನ್ನೂ ಅವನು ಸುಮ್ಮನೆ ಬಿಟ್ಟಿರಲಿಲ್ಲ.

ನಡುನಡುವೆ ಬೇಸ್‌ಬಾಲ್ ಬರುತ್ತಿತ್ತು. ಅವನು ಮೊದಲು ಕೆಲಸಕ್ಕಿದ್ದ ಕಂಪನಿಯಲ್ಲಿ ಅಮೆರಿಕದ ಎಂಜಿನಿಯರ್ ಒಬ್ಬ ಸ್ಟೋರಿನ ಟೀವಿಯಲ್ಲಿ ಆ ಆಟ ನೋಡುತ್ತ, ಜೊತೆಗೆ ಯಾರೂ ಇಲ್ಲವೆಂದು ಈರಯ್ಯನನ್ನು ಕೂರಿಸಿಕೊಂಡು ಹೇಳಿಕೊಟ್ಟಿದ್ದ. ಈರಯ್ಯನಿಗೆ ಅದು ಹಿಡಿಸಿತು. ಹಳೆಯ ಮಂದಿಯ ಆಟ ಅದು, ಎನ್ನುತ್ತಿದ್ದ. ಗಡಿಯಾರದ ಗದ್ದಲವಿಲ್ಲ, ಪಾಳಿ ಬಂದವನಿಗಷ್ಟೇ ಬ್ಯಾಟು, ತಪ್ಪು ಮಾಡಿದರೆ ಊರಿಗೆಲ್ಲ ಕಾಣುವಂತೆ ಬೋರ್ಡಿನ ಮೇಲೆ ಬರೆಯುತ್ತಾರೆ. ವಿಧಾನಸೌಧಕ್ಕೆ ಅಂಥದ್ದೊಂದು ಬೋರ್ಡು ಯಾಕಿಲ್ಲ ಎಂದು ಕೇಳುತ್ತಿದ್ದ. "ಆ ಆಟದಾಗ ಮನಿ ಬಿಟ್ಟು ಓಡಿದಾಂವ ಸುತ್ತ ಹಾಕಿ ಅದೇ ಮನಿಗಿ ಬಂದ್ರಷ್ಟ ಲೆಕ್ಕ. ನಮ್ಮ ಶಾಸಕ ಅರ್ಧ ದಾರಿಯಾಗ ಮಗ್ಗಲಮನಿ ಹೊಕ್ಕೋತಾನ, ಅಲ್ಲೂ ಲೆಕ್ಕ, ಇಲ್ಲೂ ಲೆಕ್ಕ." ಇಂಥ ಮಾತಿಗೆ ಒಬ್ಬಿಬ್ಬರು ನಗುವ ಮುಖದ ಚಿತ್ರ ಹಾಕುತ್ತಿದ್ದರು. ಉಳಿದವರು ಪೂರಾ ಕೇಳದೆ ಹೆಬ್ಬೆರಳು ಹಾಕಿ ಕೈ ತೊಳೆದುಕೊಳ್ಳುತ್ತಿದ್ದರು.

ಈರಯ್ಯನಿಗೆ ಆ ಹೆಬ್ಬೆರಳೂ ದೊಡ್ಡದೇ. ಊರಿನಲ್ಲಿ ಅವನ ಅಪ್ಪ ಚಾವಡಿಯ ಮುಂದೆ ಹಾದು ಹೋದರೆ ನಾಲ್ಕು ಜನ ಎದ್ದು, ಅಯ್ಯನವರು ಏನಂತಾರೆ ಎಂದು ಕೇಳುತ್ತಿದ್ದರು. ಇಲ್ಲಿ ಇಂಡಸ್ಟ್ರಿಯಲ್ ಏರಿಯಾದ ಸ್ಟೋರಿನಲ್ಲಿ ವಾರವಿಡೀ ಅವನನ್ನು ಮಾತನಾಡಿಸುವವರು ಪೈಪಿನ ಸೈಜು ಹೇಳುತ್ತಾರೆ, ವಾಲ್ವಿನ ನಂಬರು ಹೇಳುತ್ತಾರೆ, ಬೇಗ ಮಾಡೆಂದು 'ಯಲ್ಲಾ ಯಲ್ಲಾ' ಎನ್ನುತ್ತಾರೆ, ಹೋಗುತ್ತಾರೆ. ಈರಯ್ಯ ಏನಂತಾನೆ ಎಂದು ಕೇಳುವವರು ಈ ಇಡೀ ದೇಶದಲ್ಲಿ ಯಾರೂ ಇರಲಿಲ್ಲ. ಆದ್ದರಿಂದ ಯಾರೂ ಕೇಳದಿದ್ದರೂ ಅವನೇ ವಾರಕ್ಕೊಮ್ಮೆ ಹೇಳುತ್ತಿದ್ದ.

ಮ್ಯಾನೇಜರರ ಕಾರು ತಿರುವು ದಾಟುತ್ತಲೇ ಡೆರಿಕ್ ಗ್ರೂಪಿನಲ್ಲಿ ಮತದಾನ ಹಾಕಿದ. ಕೂಟದಲ್ಲಿ ರಾಜಕೀಯ ಭಾಷಣ ಬೇಕೇ, ಬೇಡವೇ? ಸಂಜೆ ಮಗ್ರಿಬ್ ಬಾಂಗಿನವರೆಗೆ ಸಮಯ. 'ಬೇಡ' ಗೆದ್ದರೆ ಭಾಷಣ ಖಲಾಸ್. ಇಷ್ಟು ಬರೆದು, ಸೌಜನ್ಯಕ್ಕೆ ಎರಡು ಜೋಡಿಸಿದ ಕೈ ಹಾಕಿದ.

ಈರಯ್ಯ 'ಬೇಕು' ಎಂದು ಒತ್ತಿ ಕಾದು ಕೂತ. ಅರ್ಧ ಗಂಟೆಯಲ್ಲಿ 'ಬೇಡ'ದ ಕಡೆ ಹೆಸರುಗಳು ಸಂತೆಗೆ ಹೊರಟ ಗಾಡಿಗಳಂತೆ ಸಾಲುಗಟ್ಟಿದವು. 'ಬೇಕು' ಎಂಬ ಕಡೆ ಅವನೊಬ್ಬನೇ, ಬಿತ್ತಿದ ಹೊಲದ ನಡುವೆ ನಿಲ್ಲಿಸಿದ ಬೆದರುಬೊಂಬೆಯ ಹಾಗೆ. ಹೆಂಡತಿ ಶೈಲಾಳನ್ನು ಕೇಳಿದ. ಅವಳು ರೊಟ್ಟಿ ತಟ್ಟುತ್ತ, ನೋಡೂಣ್ರಿ, ಇನ್ನೂ ಹೊತ್ತೈತಿ ಎಂದಳು. ಮತದಾರನ ಮನಸ್ಸು ಎಂಥದೆಂದು ಅವನಿಗೆ ಮನೆಯಲ್ಲೇ ತಿಳಿಯಿತು.

ಸುಮ್ಮನೆ ಕೂತರೆ ಮುಳುಗುತ್ತೇನೆ ಎನ್ನಿಸಿ ಅಂಗಿ ತೊಟ್ಟುಕೊಂಡು ಎದುರು ಮನೆಯ ಸುಬೈದಾಳ ಬಾಗಿಲು ತಟ್ಟಿದ. ಪುತ್ತೂರಿನ ಸುಬೈದಾ ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ಗ್ರೂಪಿನ ಹೆಂಗಸರೆಲ್ಲ ಅವಳ ಅಳತೆಪಟ್ಟಿಯ ಕೆಳಗೆ ಒಮ್ಮೆಯಾದರೂ ಕೈ ಎತ್ತಿ ನಿಂತವರೇ. ಅವಳು ಹೇಳಿದ ಕಡೆ ಅವರ ವೋಟು. ಈರಯ್ಯ ಬಾಗಿಲಲ್ಲೇ ನಿಂತು ಪ್ರಜಾಪ್ರಭುತ್ವದಲ್ಲಿ ಮಾತಿನ ಹಕ್ಕು ಎಷ್ಟು ದೊಡ್ಡದೆಂದು ವಿವರಿಸಿದ. ಅವಳು ಮಿಷನ್ನಿನ ಗಾಲಿ ನಿಲ್ಲಿಸಿ, ಹಲ್ಲಿನಲ್ಲಿ ಕಚ್ಚಿದ್ದ ದಾರ ತೆಗೆದು, ತಾಳ್ಮೆಯಿಂದ ಕೇಳಿದಳು.

"ನಂಗೆ ಈ ರಾಜಕೀಯ ಎಲ್ಲ ಗೊತ್ತಾಗುದಿಲ್ಲ ಈರಯ್ಯಣ್ಣ. ಆದ್ರೆ ನನ್ನ ಉಮ್ಮ ಮೊದಲು ವರ್ಷಕ್ಕೊಮ್ಮೆ ಅಕ್ಕನ ಮನೆಗೆ ಹೋಗ್ತಿದ್ರು. ಈಗ ಫ್ರೀ ಬಸ್ಸಲ್ಲಿ ತಿಂಗಳಿಗೆ ನಾಲ್ಕು ಸಲ ಹೋಗ್ತಾರೆ. ನೀವು ಫ್ರೀ ಫ್ರೀ ಅಂತ ಬೈಯುವಾಗ ಉಮ್ಮನಿಗೇ ಬೈದ ಹಾಗೆ ಆಗ್ತದೆ. ಅದೊಂದು ಬಿಟ್ಟರೆ ನಮ್ಮ ಹೆಂಗಸರ ವೋಟೆಲ್ಲ ನಿಮಗೇ."

ಈರಯ್ಯ, ಒಬ್ಬ ತಾಯಿಯ ಮನಸ್ಸು ನೋಯಿಸಿ ತನಗೇನು ಆಗಬೇಕಾಗಿದೆ ಎಂದುಕೊಂಡು, ಆಗಲಿ ತಂಗೆವ್ವ, ಇನ್ನು ಆ ಶಬ್ದ ನನ್ನ ಬಾಯಿಂದ ಬರೂದಿಲ್ಲ ಎಂದ. ಅವನು ಹೊಸ್ತಿಲು ಇಳಿಯುವ ಮೊದಲೇ ಫೋನು ಕುಣಿಯತೊಡಗಿತು. 'ಬೇಕು' ಎಂಬ ಕಡೆ ಹೆಸರುಗಳು ಮೊದಲ ಮಳೆಗೆ ಎದ್ದ ಮೊಳಕೆಯಂತೆ ಒಂದೊಂದೇ ತಲೆ ಎತ್ತಿದವು. ಮಹಡಿ ಮೆಟ್ಟಿಲನ್ನು ಅವನು ಎರಡೆರಡಾಗಿ ಹತ್ತಿದ.

ಮೇಲಿನ ಮನೆ ಯಜ್ಞೇಶ್ ಮತ್ತು ಹರಿಣಾಕ್ಷಿಯದು. ಯಜ್ಞೇಶ್ ಡೆರಿಕ್‌ನ ಬಲಗೈ. ಷಟ್ಲು ಆಡುವುದು ಒಟ್ಟಿಗೆ, ಗ್ರೂಪು ನೋಡಿಕೊಳ್ಳುವುದೂ ಒಟ್ಟಿಗೆ. ಬೆಳಿಗ್ಗೆಯೇ 'ಬೇಡ' ಒತ್ತಿದವನು. ಅವನನ್ನು ಎಳೆದುಕೊಂಡರೆ ಉಡುಪಿ ಕಡೆಯ ಅರ್ಧ ಗ್ರೂಪು ಹಿಂದೆ ಬರುತ್ತದೆಂದು ಈರಯ್ಯನಿಗೆ ಗೊತ್ತಿತ್ತು. ಹರಿಣಾಕ್ಷಿ ಅಡುಗೆಮನೆಯಲ್ಲಿ ಮೀನು ತೊಳೆಯುತ್ತ ಕಿವಿಯನ್ನು ಹೊರಗಿನ ಕೋಣೆಯಲ್ಲಿಟ್ಟಿದ್ದಳು. ಈರಯ್ಯ ಬಹಳ ಸುತ್ತುಹಾಕಿ, ಯುಗಾದಿ ಊಟದ ಕಮಿಟಿಗೆ ಈ ಸಲ ಒಬ್ಬ ಅಧ್ಯಕ್ಷ ಬೇಕಲ್ಲ, ಎಷ್ಟು ದಿನ ಅದೇ ಡೆರಿಕ್ ಎಂದು ಗಾಳಿಗೆ ಹೇಳಿದ ಹಾಗೆ ಹೇಳಿದ. ಯಜ್ಞೇಶ್ ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಸರಿದು, ಅಧ್ಯಕ್ಷನಿಗೆ ಪಾಯಸ ಯಾವುದೆಂದು ತೀರ್ಮಾನಿಸುವ ಅಧಿಕಾರ ಉಂಟೋ ಎಂದು ವಿಚಾರಿಸಿದ. ಪೂರ್ಣ ಅಧಿಕಾರ ಎಂದು ಈರಯ್ಯ ಭರವಸೆ ಕೊಟ್ಟ.

ಒತ್ತಿದ ವೋಟನ್ನು ತಿರುಗಿಸಲು ವಾಟ್ಸಾಪಿನಲ್ಲಿ ತೊಂದರೆಯೇನೂ ಇಲ್ಲ. ಯಜ್ಞೇಶನ ಹೆಬ್ಬೆರಳು ಮಾತ್ರ ಫೋನಿನ ಮೇಲೆ ಅರ್ಧಕ್ಕೆ ನಿಂತಿತು.

"ಅಲ್ಲ ಈರಯ್ಯಣ್ಣ, ಈಗ ನಾನು ಆಚೆಯಿಂದ ಈಚೆ ಬಂದೆ ಅಂತ ಆಯ್ತು. ಬರುವ ಶುಕ್ರವಾರ ನೀವು ಪಕ್ಷ ಹಾರಿದವರಿಗೆ ಬೈದರೆ ಎಲ್ಲರೂ ನನ್ನ ಮುಖ ನೋಡುದಿಲ್ವಾ ಮಾರಾಯ್ರೆ?"

ಅದೂ ಖರೆಯೇ ಎಂದು ಈರಯ್ಯ ಒಪ್ಪಿದ. ಅಡುಗೆಮನೆಯಿಂದ ಹರಿಣಾಕ್ಷಿ, ತನ್ನ ದೊಡ್ಡಮಾವ ಊರಲ್ಲಿ ಯಾವುದೋ ನಿಗಮಕ್ಕೆ ನಾಮಕರಣ ಸದಸ್ಯರಾಗಿದ್ದಾರೆ, ಪಾಪದವರು, ಅವರಿಗೆ ಅದರಲ್ಲಿ ಒಂದು ಕುರ್ಚಿ ಬಿಟ್ಟು ಬೇರೇನೂ ಸಿಕ್ಕಿಲ್ಲ, ಹಾಗಾಗಿ ಆ ನಿಗಮ ಮಂಡಳಿ ಸುದ್ದಿಯೂ ಬೇಡ ಎಂದು ಮೀನಿನ ಕೈ ಒರೆಸುತ್ತ ಬಂದು ಹೇಳಿದಳು. ಈರಯ್ಯ ಅದಕ್ಕೂ ತಲೆ ಆಡಿಸಿದ. ಬೇಸ್‌ಬಾಲಿನಲ್ಲಿ ಒಂದು ಪಟ್ಟು ಇದೆ: ಬ್ಯಾಟು ಹಿಡಿದವನು ಬೇಕೆಂದೇ ತಾನು ಔಟಾಗಿ ಮುಂದೆ ನಿಂತ ತನ್ನವನನ್ನು ಒಂದು ಹೆಜ್ಜೆ ದೂಡುತ್ತಾನೆ, ಅದಕ್ಕೆ ತ್ಯಾಗ ಎಂದೇ ಹೆಸರು, ಲೆಕ್ಕದಲ್ಲಿ ಗೌರವವಾಗಿ ಬರೆಯುತ್ತಾರೆ. ಇದೂ ಅಂಥದೇ ಎಂದು ಅವನು ಇಬ್ಬರಿಗೂ ವಿವರಿಸಿದ. ಅವರಿಗೆ ಅರ್ಥವಾಗಲಿಲ್ಲ, ಆದರೆ ವೋಟು ತಿರುಗಿತು. ಉಡುಪಿ ಕಡೆಯವರೂ ತಿರುಗತೊಡಗಿದರು.

ಈರಯ್ಯ ಇಳಿಯುವಾಗ ಯಜ್ಞೇಶ್ ಹೊಸ ನಿಷ್ಠೆಯ ಹುರುಪಿನಲ್ಲಿ ಒಂದು ಗುಟ್ಟು ಹೇಳಿದ. ಬರ್ವಾ ಅಲ್ ಬರಾಹಾದ ಕಾರ್ಮಿಕರ ಕ್ಯಾಂಪಿನಲ್ಲಿರುವ ಬಾಗಲಕೋಟೆ, ವಿಜಯಪುರ ಕಡೆಯ ಹುಡುಗರು ಇನ್ನೂ ಯಾರಿಗೂ ಒತ್ತಿಲ್ಲ. ಡೆರಿಕ್ ಮಧ್ಯಾಹ್ನ ಅವರಿಗೆ ಬಿರಿಯಾನಿ ತೆಗೆದುಕೊಂಡು ಹೋಗುವ ಸುದ್ದಿ ಉಂಟು.

ಈರಯ್ಯ ಮೆಟ್ಟಿಲ ಮೇಲೇ ನಿಂತ. ತನ್ನ ಕಡೆಯ ಹುಡುಗರು, ತನ್ನ ಮಾತಿನ ಹುಡುಗರು, ಒಂದು ತಟ್ಟೆ ಬಿರಿಯಾನಿಗೆ ಹೋಗಿಬಿಡಬಹುದೇ? ಯೋಚಿಸಿದ. ಹೋಗಿಬಿಡಬಹುದು. ಕೂಡಲೇ ಶರಣುವಿಗೆ ಫೋನು ಮಾಡಿದ. ಶರಣು ಕ್ಯಾಂಪಿನ ಮಿನಿ ಬಸ್ಸು ಓಡಿಸುವವನು. ರಜೆಯ ದಿನ ಹುಡುಗರನ್ನು ಪೇಟೆಗೆ ಕರೆತರುವುದು ಅವನ ಕೆಲಸ. ಅವನು ಎತ್ತ ತಿರುಗಿಸಿದರೆ ಹುಡುಗರು ಅತ್ತ. ನಮಾಜು ಮುಗಿಯುತ್ತಲೇ ಎಲ್ಲರನ್ನೂ ಅಲ್ ಗರಾಫಾಕ್ಕೆ ಕರಕೊಂಡು ಬಾ, ಮಿರ್ಚಿ ಭಜಿ ಮಾಡಸ್ತೀನಿ ಎಂದ ಈರಯ್ಯ. ಅಲ್ಲೊಂದು ದೊಡ್ಡ ವಿಲ್ಲಾದಲ್ಲಿ ಅವನ ಪಕ್ಕದೂರಿನವನೊಬ್ಬ ಅಡುಗೆ ಮಾಡಿಕೊಂಡಿದ್ದ. ಹಿತ್ತಿಲಿನ ಅವನ ಕೋಣೆ ಉದ್ದವಾಗಿ ತಂಪಾಗಿತ್ತು. ಅವನು ಕೀಲಿ ಕೊಟ್ಟು ತಾನು ಸಮುದ್ರದಂಡೆಗೆ ಹೋಗುವವನಿದ್ದ. ಡೆರಿಕ್‌ನ ಬಿರಿಯಾನಿ ಆ ಜಾಗವನ್ನು ಹುಡುಕಿಕೊಂಡು ಬರುವ ಹಾಗೇ ಇರಲಿಲ್ಲ.

ಆದರೆ ಮಧ್ಯಾಹ್ನದ ಜುಮ್ಮಾ ನಮಾಜಿನ ಹೊತ್ತು, ಅಂಗಡಿಗಳೆಲ್ಲ ಬಾಗಿಲೆಳೆದಿದ್ದವು. ಶೈಲಾ ಊರಿನಿಂದ ತಂದು ಜೋಪಾನವಾಗಿಟ್ಟಿದ್ದ ಕಡಲೆಹಿಟ್ಟಿನ ಡಬ್ಬಿ ಹೊರಬಂತು. ಮೆಣಸಿನಕಾಯಿಯನ್ನು ಸುಬೈದಾಳ ಮನೆಯಿಂದ ಕೇಳಿ ತಂದದ್ದಾಯಿತು. ಶೈಲಾ ಸೆರಗು ಸಿಕ್ಕಿಸಿಕೊಂಡು ಕರಿದಳು. ಕೊನೆಯ ಬಾಣಲೆ ಇಳಿಸುವಾಗ ಕೇಳಿದಳು.

"ದುಡೀಲಾರದ ತಾಟಿಗೆ ಕೈ ಹಾಕಬಾರದು ಅಂತ ಮುಂಜಾನೆ ಯಾರೋ ಒದರಾಕ ಹತ್ತಿದ್ರು."

"ಇದು ಪುಕ್ಕಟೆ ಅಲ್ಲ. ಅತಿಥಿ ಸತ್ಕಾರ."

"ಹುಡುಗೋರು ಬರೂ ಬಸ್ಸಿಗೆ ಟಿಕೀಟು ಐತೇನ್ರಿ?"

ಈರಯ್ಯ ಡಬರಿ ಎತ್ತಿಕೊಂಡು ನಡೆದ.

ಅಲ್ ಗರಾಫಾದ ಕೋಣೆಯಲ್ಲಿ ಹುಡುಗರು ಸಾಲಾಗಿ ಕೂತು ತಿಂದರು. ಭಜಿಯ ಮೇಲೆ ಗಿರಮಿಟ್ಟು, ಗಿರಮಿಟ್ಟಿನ ಮೇಲೆ ಚಹಾ. ಊರು ನೆನಪಾಗಿ ಒಬ್ಬಿಬ್ಬರ ಕಣ್ಣಲ್ಲಿ ನೀರೂ ಬಂತು, ಮೆಣಸಿನಕಾಯಿಯದೂ ಇದ್ದೀತು. ತಿಂದ ಕೂಡಲೇ ವೋಟು ಕೇಳುವುದು ಮರ್ಯಾದೆಯಲ್ಲವೆಂದು ಈರಯ್ಯ ಟೀವಿ ಹಚ್ಚಿದ. ಯಾವುದೋ ಚಾನೆಲ್ಲಿನಲ್ಲಿ ಹಳೆಯದೊಂದು ಬೇಸ್‌ಬಾಲ್ ಪಂದ್ಯ ಬರುತ್ತಿತ್ತು. ಇದಕ್ಕಿಂತ ಒಳ್ಳೆಯ ಶಕುನ ಬೇಕೇ ಎಂದುಕೊಂಡು ಎದ್ದು ನಿಂತು ವಿವರಿಸತೊಡಗಿದ. ಚೆಂಡು ಎಸೆಯುವವನ ತಾಳ್ಮೆ ನೋಡ್ರಿ, ಬಿತ್ತುವವನ ಕೈ ಹಾಂಗ ಐತಿ. ಹಿಡಿಯುವವ ಹೆಂಗ ಕುಕ್ಕರಗಾಲಿನಾಗ ಕೂತಾನ ನೋಡ್ರಿ, ಕಳೆ ತೆಗೆಯೂ ಹೆಣ್ಣಮಗಳ ಹಾಂಗ. ಹೀಗೆ ಮೂರನೆಯ ಪಾಳಿ, ನಾಲ್ಕನೆಯ ಪಾಳಿ ಎಂದು ಹೇಳುತ್ತ ಹಿಂದೆ ತಿರುಗಿ ನೋಡಿದರೆ ಅವನ ಮತದಾರರೆಲ್ಲ, ನೇಗಿಲು ಬಿಚ್ಚಿದ ಎತ್ತುಗಳಂತೆ, ಒಬ್ಬರ ಮೇಲೊಬ್ಬರು ಒರಗಿ ಗೊರಕೆ ಹೊಡೆಯುತ್ತಿದ್ದರು. ವಾರವಿಡೀ ಬಿಸಿಲಿನಲ್ಲಿ ಕಬ್ಬಿಣ ಕಟ್ಟಿದ ಮೈಗಳು. ತಂಪು ಸಿಕ್ಕ ಮೇಲೆ ಏಳುವುದುಂಟೇ?

ಪಾಪ, ಮಲಗಲಿ ಎಂದುಕೊಂಡ. ಅವನಿಗೂ ಕಣ್ಣು ಹತ್ತಿತು.

ಎಚ್ಚರವಾದಾಗ ಕಿಟಕಿಯ ಬಿಸಿಲು ಗೋಡೆ ಹತ್ತಿ ಸೂರಿಗೆ ಹೋಗಿತ್ತು. ಈರಯ್ಯ ಹೌಹಾರಿ ಎದ್ದು ಒಬ್ಬೊಬ್ಬರನ್ನೇ ಅಲುಗಾಡಿಸಿ ಎಬ್ಬಿಸಿದ. ಫೋನು ತೆಗೀರಿ, ಬೇಕು ಅಂತ ಒತ್ತರಿ. ಹುಡುಗರು ಕಣ್ಣುಜ್ಜುತ್ತ ಫೋನು ತೆಗೆದರು, ಒತ್ತಿದರು, ಮತ್ತೆ ಒತ್ತಿದರು. ಏನೂ ಆಗಲಿಲ್ಲ. ತಿಂಗಳ ಕೊನೆ, ಎಲ್ಲರ ಡೇಟಾ ಖಲಾಸ್. ಕ್ಯಾಂಪಿನ ವೈಫೈ ಒಂದೇ ಅವರಿಗೆ ಗತಿ, ಅದನ್ನು ಬಿಟ್ಟು ಅವರನ್ನು ಇಲ್ಲಿಗೆ ಹೊತ್ತು ತಂದವನು ಈರಯ್ಯನೇ. ಈ ಕೋಣೆಯ ವೈಫೈಗೆ ಪಾಸ್‌ವರ್ಡು ಏನೆಂದು ಅಡುಗೆಯವನಿಗೆ ಫೋನು ಮಾಡಿದರೆ ಅವನು ಎತ್ತಲಿಲ್ಲ. ಈರಯ್ಯ ತನ್ನದೇ ಫೋನಿನಿಂದ ಇಂಟರ್‌ನೆಟ್ ಹಂಚಲು ಹೋದ. ಬ್ಯಾಟರಿ ಕೊನೆಯ ಉಸಿರಿನಲ್ಲಿತ್ತು.

"ಯಲ್ಲಾ, ಬಸ್ಸ ಹತ್ತರಿ" ಎಂದ.

ಮಿನಿ ಬಸ್ಸಿನ ಕಿಟಕಿಯಾಚೆ ಆಕಾಶ ಒಣಗಿದ ಜೋಳದ ರವದಿಯ ಬಣ್ಣಕ್ಕೆ ತಿರುಗುತ್ತಿತ್ತು. ಈರಯ್ಯ ಚಾಲಕನ ಪಕ್ಕದಲ್ಲಿ ಕೂತು ಸೂರ್ಯನನ್ನೂ ಅಂಗಡಿಗಳ ಬೋರ್ಡನ್ನೂ ಸರದಿಯಲ್ಲಿ ನೋಡಿದ. ಕೊನೆಗೆ ಒಂದು ಕರಕ್ ಚಹಾದ ಅಂಗಡಿಯ ಗಾಜಿನ ಮೇಲೆ ದೊಡ್ಡದಾಗಿ ಬರೆದದ್ದು ಕಂಡಿತು: ಗಿರಾಕಿಗಳಿಗೆ ವೈಫೈ ಫ್ರೀ. ಜನ್ಮದಲ್ಲಿ ಯಾವ ಶಬ್ದವನ್ನು ನೋಡಿಯೂ ಅವನಿಗೆ ಅಷ್ಟು ಸಂತೋಷವಾಗಿರಲಿಲ್ಲ. ಇಳಿಯಿರಿ ಎಂದು ಕೂಗಿದ. ಶರಣು ಎಂಜಿನ್ನು ಆರಿಸಿದ, ಆದರೆ ಬಾಗಿಲು ತೆಗೆಯುವ ಗುಂಡಿಯ ಮೇಲೆ ಕೈ ಇಟ್ಟುಕೊಂಡೇ ಕೂತ.

"ಕಾಕಾ, ಒಂದ ಮಾತು. ಹುಡುಗೋರು ಹಿಂದ ಕುಂತು ಠರಾವು ಮಾಡ್ಯಾರ."

"ಏನ ಠರಾವು?"

"ನಮ್ಮನ್ನ ತಂದು ಕ್ವಾಣ್ಯಾಗ ಕೂಡಿದ್ದು ನಾವು ಯಾರ ಮುಂದೂ ಹೇಳೂದಿಲ್ಲ, ನೀವೂ ಆ ರೆಸಾರ್ಟಿನ ಸುದ್ದಿ ಇನ್ನ ಎತ್ತಬಾರದು. ಮತ್ತ ಆ ಬ್ಯಾಸಬಾಲ." ಶರಣು ಕೈ ಮುಗಿದ. "ಅದೊಂದ ಬ್ಯಾಡ ಕಾಕಾ. ಕನಸಿನ್ಯಾಗೂ ಬಂತು."

ರೆಸಾರ್ಟಿನ ಮಾತಿಗೆ ಈರಯ್ಯನಿಗೆ ನೋವಾಗಲಿಲ್ಲ. ಬೇಸ್‌ಬಾಲಿಗೆ ಆಯಿತು. ಆದರೆ ಆಕಾಶದ ಬಣ್ಣ ಕಡುವಾಗುತ್ತಿತ್ತು. ಆಗಲೆಪಾ, ಬಾಗಲ ತಗಿ ಎಂದ.

ಚಹಾದಂಗಡಿಯಲ್ಲಿ ಹೆಬ್ಬೆರಳುಗಳು ಸುಗ್ಗಿಯ ಕುಡುಗೋಲಿನಂತೆ ಆಡಿದವು. ಎಲ್ಲ ಒತ್ತಿ ಮುಗಿದಾಗ ಎರಡೂ ಕಡೆ ಸಮ ಎಂದು ಶರಣು ನೋಡಿ ಹೇಳಿದ. ಯಾರು ಎತ್ತ ಎಂದು ಹೆಸರು ನೋಡುವ ಪುರಸೊತ್ತು ಯಾರಿಗೂ ಇರಲಿಲ್ಲ. ಸಮವಾದರೆ ಅಡ್ಮಿನ್ನಿನ ಮಾತೇ ನಡೆಯುತ್ತದೆ. ಇನ್ನೂ ಒತ್ತದವರು ಯಾರು ಎಂದು ತಲೆ ಕೆರೆದುಕೊಂಡ ಈರಯ್ಯನಿಗೆ ಬೆಳಗಿನ ರೊಟ್ಟಿಯ ಸಪ್ಪಳ ನೆನಪಾಯಿತು. ಸಾಯುತ್ತಿದ್ದ ಫೋನಿನಿಂದ ಮನೆಗೆ ಹಚ್ಚಿದ.

ಶೈಲಾ ಒತ್ತಿರಲಿಲ್ಲ. ನಿಮ್ಮ ಮಾತು ನಿಲ್ಲಲಿ ಅಂತ ನನಗೇನೂ ಇಲ್ಲ ಎಂದಳು. ವಾರಕ್ಕೊಮ್ಮೆ ನಿಮ್ಮ ಮಾರಿ ಮ್ಯಾಲ ಕಳೆ ಬರೂದು ಆವಾಗಷ್ಟ, ಅದೂ ನನಗ ಗೊತ್ತೈತಿ ಎಂದಳು. ಈರಯ್ಯ ಆಕಾಶ ನೋಡಿದ.

"ಒಂದ ಬಿಡ್ರಿ ನೀವು. ಹಳೇ ಕಾಲ ಭಾಳ ಛಲೋ ಇತ್ತು ಅಂತೀರಲ್ಲ, ಅದನ್ನ ಬಿಡ್ರಿ. ಹಳೇ ಕಾಲದಾಗ ಚಾವಡಿ ಮ್ಯಾಲ ಕುಂತವರು ನೀವು. ಹಳ್ಳದಿಂದ ನೀರ ಹೊತ್ತವರು ನಾವು."

ಈರಯ್ಯ ಬೇಸ್‌ಬಾಲನ್ನೂ ತರಲಿಲ್ಲ, ಶಾಸ್ತ್ರವನ್ನೂ ತರಲಿಲ್ಲ. ಆಗಲಿ ಎಂದ. ದನಿ ಸಣ್ಣದಾಗಿತ್ತು. ಆ ಕಡೆ ಅವಳು ಫೋನಿನ ಮೇಲೆ ಬೆರಳಿಟ್ಟ ಸಪ್ಪಳ ಕೇಳಿತೋ ಕೇಳಿದಂತೆನಿಸಿತೋ. ಅಷ್ಟರಲ್ಲಿ ಅವನ ಫೋನು ಕಪ್ಪಾಯಿತು. ಎಲ್ಲೋ ಹತ್ತಿರದ ಮಸೀದಿಯಿಂದ ಬಾಂಗು ಎದ್ದಿತು. ಶರಣು ತನ್ನ ಫೋನು ನೋಡಿ, ಈರಯ್ಯನನ್ನು ಸೊಂಟಕ್ಕೆ ಹಿಡಿದು ಎತ್ತಿಯೇಬಿಟ್ಟ.

ಒಂದು ವೋಟಿನ ಬಹುಮತ. ಈರಯ್ಯನಿಗೆ ಅದು ಒಂದು ಹೊಲದ ಬೆಳೆಯಷ್ಟು ಕಂಡಿತು. ಮಿನಿ ಬಸ್ಸು ಹಾರನ್ ಹೊಡೆಯದೆ, ಆದರೆ ಒಳಗೆ ಸಿಳ್ಳೆಯ ಮೇಲೆ ಸಿಳ್ಳೆ ತುಂಬಿಕೊಂಡು, ಬಿನ್ ಮಹಮೂದಿನ ಓಣಿಗೆ ಬಂತು. ಕಟ್ಟಡದ ಬಾಗಿಲಲ್ಲೇ ಯಜ್ಞೇಶ್ ನಿಂತಿದ್ದ. ಡೆರಿಕ್‌ನ ಮನೆಯಲ್ಲೇ ಎಲ್ಲರಿಗೂ ಚಹಾ ಉಂಟು, ಬನ್ನಿ ಎಂದು ಕೈ ಹಿಡಿದು ಹತ್ತಿಸಿದ. ಒಳಗೆ ಗ್ರೂಪಿನ ಅರ್ಧ ಜನ ನೆರೆದಿದ್ದರು. ಬೆಳಿಗ್ಗೆ 'ಬೇಡ' ಎಂದವರೂ ಚಪ್ಪಾಳೆ ಹೊಡೆದರು. ಸೋತವನಂತೆ ಇರಬೇಕಾದ ಡೆರಿಕ್ ಬಾಗಿಲ ಮೇಲಿದ್ದ ಪ್ಲಾಸ್ಟಿಕ್ ಹೂವಿನ ಸರ ಬಿಚ್ಚಿ ತಾನೇ ಈರಯ್ಯನ ಕೊರಳಿಗೆ ಹಾಕಿದ. ಯಾರೋ ಕುರ್ಚಿ ತಂದರು. ಸುಬೈದಾ ಒಳಗಿನಿಂದ, ಈರಯ್ಯಣ್ಣ ಏನ್ ಹೇಳ್ತಾರೆ ಕೇಳುವ ಎಂದಳು.

ಈರಯ್ಯ ಏನು ಹೇಳುತ್ತಾನೆ. ಇಷ್ಟು ವರ್ಷದಲ್ಲಿ ಮೊದಲ ಸಲ ಒಂದು ಮನೆ ತುಂಬ ಜನ ಅವನ ಬಾಯನ್ನೇ ನೋಡುತ್ತಿದ್ದರು. ಡೆರಿಕ್ ತನ್ನ ಫೋನನ್ನು ಮುಂದೆ ಹಿಡಿದು, ವಿಜಯದ ಭಾಷಣ ಈಗಲೇ ಆಗಲಿ, ನೇರ ಗ್ರೂಪಿಗೇ ಹೋಗ್ತದೆ ಎಂದ. ಈರಯ್ಯ ಎದ್ದು ನಿಂತು ಹೂವಿನ ಸರ ಸರಿಮಾಡಿಕೊಂಡ. ಎಲ್ಲರಿಗೂ ನಮಸ್ಕಾರ ಎಂದ. ಚಪ್ಪಾಳೆ ಬಿತ್ತು.

ಸಮಾಜಕ್ಕೆ ಹತ್ತಿದ ದೊಡ್ಡ ರೋಗ ಯಾವುದೆಂದು ಶುರು ಮಾಡಲು ಬಾಯಿ ತೆಗೆದ. ಎದುರಿಗೆ ಸುಬೈದಾ ತಲೆಯ ಮೇಲಿನ ಶಾಲು ಸರಿಮಾಡಿಕೊಂಡು ನಗುತ್ತಿದ್ದಳು. ಬಾಯಿ ಮುಚ್ಚಿದ. ಆಗಲಿ, ನಿಷ್ಠೆ ಇಲ್ಲದವರ ವಿಷಯ ಇದೆಯಲ್ಲ ಎಂದು ಬಲಕ್ಕೆ ತಿರುಗಿದ. ಅಲ್ಲಿ ಯಜ್ಞೇಶ್, ಅವನ ಭುಜದ ಹಿಂದೆ ಹರಿಣಾಕ್ಷಿ. ಒಂದೇ ನೋಟದಲ್ಲಿ ಎರಡು ವಿಷಯ ಹೋದವು. ಎಡಕ್ಕೆ ತಿರುಗಿದರೆ ಹುಡುಗರ ಸಾಲು. ಶರಣು ಎದೆಯ ಹತ್ತಿರ ಸಣ್ಣಗೆ ಕೈ ಮುಗಿದುಕೊಂಡೇ ನಿಂತಿದ್ದ. ಹಾಗಾದರೆ ನಮ್ಮ ಹಿರಿಯರ ಕಾಲದಲ್ಲಿ ಎಂದು ನೆನೆದು ಬಾಗಿಲ ಕಡೆ ನೋಡಿದ. ಶೈಲಾ ಹೊಸ್ತಿಲ ಹೊರಗೆ ನಿಂತು, ಮಂದಿಯ ನಡುವೆ ತನ್ನ ಗಂಡನನ್ನು ಅಷ್ಟು ಜನ ನೋಡುತ್ತಿರುವುದನ್ನು ಹೆಮ್ಮೆಯಿಂದ ನೋಡುತ್ತಿದ್ದಳು.

ಈರಯ್ಯ ಮತ್ತೊಮ್ಮೆ ಎಲ್ಲ ಮುಖಗಳನ್ನೂ ಸುತ್ತಿ ಬಂದ. ಎಲ್ಲಿಯೂ ಕಾಲಿಡಲು ಗೇಣು ಜಾಗ ಸಿಗಲಿಲ್ಲ.

"ಇಷ್ಟು ಹೇಳಿ ನನ್ನ ಮಾತು ಮುಗಸ್ತೀನಿ" ಎಂದು ಕೂತ.

ಮನೆ ಚಪ್ಪಾಳೆಯಿಂದ ಬಿರಿಯಿತು. ಎಷ್ಟು ಗಂಭೀರ ಎಂದರು. ಎಷ್ಟು ತೂಕ ಎಂದರು. ಎಲ್ಲರ ಫೋನುಗಳೂ ಒಟ್ಟಿಗೆ ಗುಂಯ್ಗುಟ್ಟತೊಡಗಿದವು. ಅವನ ಯಾವ ಭಾಷಣಕ್ಕೂ ಬಾರದಷ್ಟು ಹೆಬ್ಬೆರಳು, ಹೂವು, ಜೋಡಿಸಿದ ಕೈ ಬಂದವು. ಟ್ರೀಸಾ ಕಳಿಸಿಕೊಟ್ಟದ್ದನ್ನು ಕೇಳಿ ಬೆಳಗಿನ ಮ್ಯಾನೇಜರರು ಕೂಡ, ಇಂಥ ಸಮತೋಲನದ ಮಾತು ಅಪರೂಪ ಎಂದು ಬರೆದರು. ಟ್ರೀಸಾ ಆ ಸಾಲನ್ನು ಗಂಡನಿಗೆ ಎರಡು ಸಲ ಓದಿ ಹೇಳಿದಳು.

ಜನ ಚಹಾಕ್ಕೆ ಎದ್ದಾಗ ಈರಯ್ಯ ಮೂಲೆಯಲ್ಲಿ ತನ್ನ ಫೋನನ್ನು ಚಾರ್ಜಿಗೆ ಹಾಕಿ ಮತಗಳ ಪಟ್ಟಿ ತೆರೆದ. ಎಷ್ಟೇ ಆದರೂ ಗೆದ್ದವನು; ತನ್ನವರ ಹೆಸರುಗಳನ್ನು ಒಮ್ಮೆ ಕಣ್ತುಂಬ ನೋಡಬೇಕೆನಿಸಿತು. ಸುಬೈದಾ, ಹೆಂಗಸರು, ಯಜ್ಞೇಶ್, ಉಡುಪಿಯವರು, ಹುಡುಗರು, ಶೈಲಾ. ಇವರ ನಡುವೆ ಡೆರಿಕ್‌ನ ಹೆಸರಿತ್ತು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ನೋಡಿದ. ಇತ್ತು.

ಡೆರಿಕ್ ಚಹಾದ ಲೋಟ ತಂದು ಪಕ್ಕದಲ್ಲಿ ಕೂತ. ಈರಯ್ಯ ಫೋನು ತೋರಿಸಿದ.

"ಬಾಯಿ ಮುಚ್ಚಿಸಿದ್ರೆ ನೀವು ಬೇರೆ ಗ್ರೂಪು ಕಟ್ತಿದ್ರಿ ಈರಯ್ಯಣ್ಣ" ಎಂದ ಡೆರಿಕ್ ದನಿ ತಗ್ಗಿಸಿ. "ಅರ್ಧ ಜನ ಅಲ್ಲಿಗೆ ಹೋಗ್ತಿದ್ರು. ಯುಗಾದಿಗೆ ನಾನು ಎರಡೆರಡು ಹಾಲ್ ಎಲ್ಲಿ ಹುಡುಕುದು? ಅದಕ್ಕೆ ಸುಬೈದಕ್ಕನಿಗೂ ಯಜ್ಞೇಶನಿಗೂ ಬೆಳಿಗ್ಗೆಯೇ ಫೋನ್ ಮಾಡಿ ಹೇಳಿದೆ. ವೋಟು ಧಾರಾಳ ಕೊಡಿ, ಆದ್ರೆ ಕೊಡುವಾಗ ನಿಮಗೆ ಬೇಡದ್ದು ಒಂದೊಂದು ಕೇಳಿ ತಕ್ಕೊಳ್ಳಿ ಅಂತ."

"ಬೇಸ್‌ಬಾಲು?"

"ಇಲ್ಲ ಮಾರಾಯ್ರೆ. ಅದು ಆ ಹುಡುಗರದ್ದೇ. ಅಷ್ಟು ನನ್ನ ತಲೆಗೆ ಹೋಗಿರ್ಲಿಲ್ಲ." ಡೆರಿಕ್ ಚಹಾದ ಲೋಟವನ್ನು ಈರಯ್ಯನ ಕೈಗಿಟ್ಟ. "ಶೈಲಕ್ಕನಿಗೂ ನಾನು ಎಂತದ್ದೂ ಹೇಳ್ಲಿಲ್ಲ."

ಈರಯ್ಯ ಅವನ ಮುಖ ನೋಡಿದ. ಸಿಟ್ಟು ಬರಬೇಕಿತ್ತು, ಹುಡುಕಿದರೂ ಸಿಗಲಿಲ್ಲ. ರಾಜ್ಯ ರಾಜಕೀಯವನ್ನು ಇಷ್ಟು ವರ್ಷ ಅಳೆದು ತೂಗಿದವನಿಗೆ ಇಂಥದೊಂದು ಕೆಲಸ ತನ್ನ ಮೇಲಿನ ಮಹಡಿಯಲ್ಲೇ ನಡೆದದ್ದು ಗೊತ್ತಾಗಿರಲಿಲ್ಲ.

"ತಮ್ಮಾ, ನೀ ಊರಾಗ ಇದ್ದಿದ್ರ ಮುಖ್ಯಮಂತ್ರಿ ಆಗತಿದ್ದಿ."

ಡೆರಿಕ್ ಗಾಬರಿಯಿಂದ ಒಳಗಿನ ಕೋಣೆಯ ಕಡೆ ನೋಡಿದ. ಅಲ್ಲಿ ಟ್ರೀಸಾ ಮ್ಯಾನೇಜರರ ಹೆಂಡತಿಯೊಡನೆ ಫೋನಿನಲ್ಲಿ ಮಾತಾಡುತ್ತಿದ್ದಳು.

"ಆ ಒಂದು ಮಾತು ಮಾತ್ರ ಗ್ರೂಪಿನಲ್ಲಿ ಹೇಳ್ಬೇಡಿ ಈರಯ್ಯಣ್ಣ. ನನ್ನ ವೋಟೂ ಉಂಟಲ್ಲ ಅದರಲ್ಲಿ."

ಈರಯ್ಯ ಲೆಕ್ಕ ಹಾಕಿದ. ಡೆರಿಕ್‌ನ ವೋಟು ಇಲ್ಲದಿದ್ದರೆ ಬಹುಮತವೇ ಇರುತ್ತಿರಲಿಲ್ಲ. ಚಹಾ ಒಂದು ಗುಟುಕು ಕುಡಿದು, ಅದಕ್ಕೂ ಆಗಲಿ ಎಂದ.